ಹೆಬ್ಬೆರಳಿನ ‘ಹೌದ್ರಿ’

ಮೊದಲೇ ಹೇಳಿಬಿಡುವುದು ಒಳ್ಳೆಯದು, ನಾನು ಸಂಶಯದ ಮನುಷ್ಯ. ಕೇಳದೆ ಚಹಾ ತಂದುಕೊಟ್ಟರೆ ಯಾಕೆ ತಂದರು ಎಂದು ಯೋಚಿಸುವವನು. ನನ್ನ ಹೆಂಡತಿ ಇದನ್ನು ನೌಕರಿಯಿಂದ ಹತ್ತಿದ ರೋಗ ಎನ್ನುತ್ತಾಳೆ. ಇರಬಹುದು. ನಾನು ನೌಕರಿಗೆ ಸೇರಿದ ಕಾಲವೇ ಹಾಗಿತ್ತು. ನಿಜಾಮರ ಆಳ್ವಿಕೆ ಮುಗಿದು ನಮ್ಮ ಸೀಮೆ ಭಾರತದೊಳಗೆ ಸೇರಿದ ಹೊಸತು. ನಿನ್ನೆಯವರೆಗೆ ನೀನು ಯಾರ ಕಡೆಗಿದ್ದೆ ಎಂದು ಎಲ್ಲರೂ ಎಲ್ಲರನ್ನೂ ಕಣ್ಣಿನಲ್ಲೇ ಕೇಳುತ್ತಿದ್ದರು. ಬಾಯಿಬಿಟ್ಟು ಕೇಳುವವರು ಕಡಿಮೆ. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರುಗಳ ನಡುವೆ ಓಡಾಡಲು ಒಂದು ತಾತ್ಕಾಲಿಕ ಪೊಲೀಸ್ ತುಕಡಿ ಮಾಡಿದ್ದರು. ಅದರಲ್ಲಿ ಕೈಯಲ್ಲಿ ಹಿಡಿದು ಮಾತಾಡುವ ನಿಸ್ತಂತು ಸೆಟ್ಟು ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿದೆ.

ಈಗ ಈ ಕೆಲಸಕ್ಕೆ ಬರುವವರ ಸೊಂಟದಲ್ಲಿ ಅಂಗೈಯಷ್ಟು ಸೆಟ್ಟು ಇರುತ್ತದೆ. ನಮ್ಮದು ಮೊಳದುದ್ದದ ಡಬ್ಬಿ. ಯುದ್ಧದಲ್ಲಿ ಬಳಸಿ ಉಳಿದ ಮಾಲು ಎಂದು ಹೇಳುತ್ತಿದ್ದರು. ಯಾದಗಿರಿ ಸ್ಟೇಷನ್ನಿಗೆ ರೈಲಿನಲ್ಲಿ ಕಟ್ಟಿಗೆಯ ಪೆಟ್ಟಿಗೆ ಬಂತು. ಒಳಗೆ ಮೂರು ಸೆಟ್ಟು, ಹುಲ್ಲಿನಲ್ಲಿ ಸುತ್ತಿದ ಬ್ಯಾಟರಿಗಳು, ಜೊತೆಗೆ ನಮ್ಮಲ್ಲಿ ಯಾರಿಗೂ ಓದಲು ಬಾರದ ಇಂಗ್ಲಿಷ್ ಪುಸ್ತಕ. ಹಮಾಲರು ಅದನ್ನು ಇಳಿಸುವಾಗ ಬಾಂಬಿರಬಹುದೆಂದು ಉಸಿರು ಬಿಗಿಹಿಡಿದು ಇಳಿಸಿದರು. ಅವರನ್ನು ನೋಡಿ ನಾನೂ ಎರಡು ಹೆಜ್ಜೆ ಹಿಂದೆ ಸರಿದೆ.

ಪೆಟ್ಟಿಗೆ ಬಿಚ್ಚಿದವರು ಖಾಸೀಂ ಉಸ್ತಾದರು. ನಿಜಾಮರ ಕಾಲದಲ್ಲಿಯೇ ನಿಸ್ತಂತು ಕೆಲಸ ಕಲಿತವರು. ಆಗ ನಲವತ್ತೈದರ ಆಸುಪಾಸು ವಯಸ್ಸು. ವಯಸ್ಸಿಗೆ ಮೊದಲೇ ಬೆಳ್ಳಗಾದ ಗಡ್ಡ, ತಲೆಗೆ ಸುತ್ತಿದ ಚೌಕಡಿಯ ವಸ್ತ್ರ, ಅಳೆದು ಆಡುವ ಮಾತು. ಹಳೆಯ ಸರ್ಕಾರದ ಮನುಷ್ಯನನ್ನು ಹೊಸ ಸರ್ಕಾರದವರು ಯಾಕೆ ಇಟ್ಟುಕೊಂಡರು ಎಂದು ನಾನು ಮೊದಲ ದಿನವೇ ಯೋಚಿಸಿದೆ. ಬೇರೆ ಯಾರಿಗೂ ಆ ಕೆಲಸ ಬರುತ್ತಿರಲಿಲ್ಲ ಎಂಬ ಸರಳ ಕಾರಣ ನನಗೆ ಹೊಳೆಯಲಿಲ್ಲ.

ಅವರು ಕಲಿಸಿದ್ದು ಇಷ್ಟು. ತಳದ ಮುಚ್ಚಳ ತೆಗೆದು ದಪ್ಪ ಬ್ಯಾಟರಿಯೊಂದು, ಉದ್ದ ಬ್ಯಾಟರಿಯೊಂದು ಕೂರಿಸಬೇಕು. ಕೂರಿಸುವ ಮುಂಚೆ ಒಳಗಿನ ತಗಡುಗಳನ್ನು ಒಣಬಟ್ಟೆಯಿಂದ ಒರೆಸಬೇಕು. ತಲೆಯ ಮೇಲಿನ ಟೊಪ್ಪಿಗೆ ತಿರುಗಿಸಿ ತೆಗೆದು ಏರಿಯಲ್ ಕಡ್ಡಿಯನ್ನು ಪೂರ್ತಿ ಎಳೆಯಬೇಕು. ಆ ಸೆಟ್ಟಿಗೆ ಹಚ್ಚುವ, ಆರಿಸುವ ಬೇರೆ ಗುಂಡಿಯೇ ಇರಲಿಲ್ಲ. ಕಡ್ಡಿ ಹೊರಗೆ ಬಂದರೆ ಚಾಲೂ, ಒಳಗೆ ಹೋದರೆ ಬಂದ್. ಸೆಟ್ಟನ್ನು ನೆಟ್ಟಗೆ ಹಿಡಿಯಬೇಕು, ಮಗ್ಗುಲಿನ ಬಟನ್ನನ್ನು ಹೆಬ್ಬೆರಳಿನಿಂದ ಒತ್ತಿ ಒಂದು ಉಸಿರು ತಡೆದು ಮಾತಾಡಬೇಕು.

“ಒತ್ತಿದ್ರ ಬಾಯಿ, ಬಿಟ್ರ ಕಿವಿ. ಎರಡೂ ಒಮ್ಮೆಲೆ ಇಲ್ಲ, ಮಾಳಪ್ಪಾ. ನೆನಪಿಟ್ಕೋ,” ಎಂದರು ಉಸ್ತಾದರು.

“ಹೌದ್ರಿ,” ಎಂದೆ ನಾನು.

ಶಹಾಪುರದ ಪೇಟೆಯಲ್ಲಿ ಈ ಡಬ್ಬಿ ಹಿಡಿದು ಹೋದರೆ ಮಾತು ನಿಂತುಬಿಡುತ್ತಿತ್ತು. ಆಡಿದ್ದನ್ನೆಲ್ಲ ಅದು ಒಳಗೆ ಇಟ್ಟುಕೊಂಡು ಸಾಹೇಬರ ಮುಂದೆ ಒದರುತ್ತದೆ ಎಂದು ಸುದ್ದಿ ಹಬ್ಬಿತ್ತು. ಒಬ್ಬ ಕಿರಾಣಿ ಅಂಗಡಿಯ ಶೆಟ್ಟರು ನನ್ನನ್ನು ಕಂಡರೆ ಸಾಕು, ಗಟ್ಟಿಯಾಗಿ ಶಿವನಾಮ ಹೇಳತೊಡಗುತ್ತಿದ್ದರು. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟರು.

“ತಮ್ಮಾ, ನಿನ್ನಿ ನಾ ಆಡಿದ ಮಾತು ಇದರಾಗ ಐತೇನು?”

“ಏನ್ ಆಡಿದ್ರಿ ಶೆಟ್ರ?”

“ಏನೂ ಆಡಿಲ್ಲಪ್ಪಾ!” ಎಂದು ಅವರು ಒಳಗೆ ಹೋದರು. ಆಡದೆ ಇದ್ದರೆ ಯಾಕೆ ಕೇಳಿದರು ಎಂದು ನಾನು ಒಂದು ವಾರ ಅವರ ಅಂಗಡಿಯ ಮೇಲೆ ಕಣ್ಣಿಟ್ಟೆ. ಸಿಕ್ಕಿದ್ದು ಏನೂ ಇಲ್ಲ.

ನನ್ನ ಮೊದಲ ತಪ್ಪು ನಡೆದದ್ದು ಸುರಪುರದಲ್ಲಿ. ಗುಡ್ಡದ ಬುಡದಲ್ಲಿ ನಮ್ಮ ಡೇರೆ. ನನ್ನ ಸೆಟ್ಟಿನ ಬ್ಯಾಟರಿ ಎರಡು ದಿನಕ್ಕೊಮ್ಮೆ ಸಾಯತೊಡಗಿತು. ಯಾರೋ ಕದ್ದು ಮಾತಾಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಸೆಟ್ಟು ಇಟ್ಟ ಜಾಗದ ಸುತ್ತ ಸುಣ್ಣದಲ್ಲಿ ಗೆರೆ ಎಳೆದೆ. ಅಡುಗೆಯವನನ್ನು ಸಂಶಯಿಸಿದೆ, ನೀರು ಹೊರುವವನನ್ನು ಸಂಶಯಿಸಿದೆ, ಉಸ್ತಾದರನ್ನಂತೂ ಎಲ್ಲರಿಗಿಂತ ಮೊದಲು. ಅವರು ಬಂದು ನನ್ನ ಡೇರೆಯೊಳಗೆ ಇಣುಕಿ ನಕ್ಕುಬಿಟ್ಟರು. ಸ್ನಾನ ಮಾಡಿ ಬಂದು ನಾನು ನನ್ನ ಒದ್ದೆ ವಸ್ತ್ರವನ್ನು ಒಣಗಲು ಹಾಕುತ್ತಿದ್ದದ್ದು ಏರಿಯಲ್ ಕಡ್ಡಿಯ ಮೇಲೆ. ಕಡ್ಡಿ ಹೊರಗಿದ್ದರೆ ಸೆಟ್ಟು ಉರಿಯುತ್ತಲೇ ಇರುತ್ತದೆ ಎಂಬುದನ್ನು ನನ್ನ ಕೈ ಮರೆತಿತ್ತು. ಅವರು ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಅದಕ್ಕೂ ನಾನು ತಲೆ ಕೆಡಿಸಿಕೊಂಡೆ.

ನಮ್ಮ ಮೇಲಿದ್ದ ಸಾಹೇಬರು ಧಾರವಾಡದ ಕಡೆಯಿಂದ ಬಂದವರು. ಒಳ್ಳೆಯ ಮನುಷ್ಯ, ಆದರೆ ಮಾತು ಜಾಸ್ತಿ. ಇಲ್ಲಿಯ ಯಾರ ಮೇಲೂ ಅವರಿಗೆ ನಂಬಿಕೆಯಿರಲಿಲ್ಲ, ಹಳೆಯ ಸರ್ಕಾರದವರ ಮೇಲೆ ಮೊದಲೇ ಇಲ್ಲ. ಮಾತು ಕೇಳುವಾಗ ಸುಮ್ಮನೆ ಕೂರುವವನು ಒಳಗೆ ಏನೋ ಲೆಕ್ಕ ಹಾಕುತ್ತಿರುತ್ತಾನೆ ಎಂಬುದು ಅವರ ಗಟ್ಟಿ ಅಭಿಪ್ರಾಯ.

ನಾನು ಸುಮ್ಮನೆ ಕೂರುವವನಲ್ಲ. ನಮ್ಮದು ಕುರಿ ಕಾಯುವ ಮನೆತನ. ಮಧ್ಯಾಹ್ನ ಕುರಿಗಳು ಬೇವಿನ ನೆರಳಿಗೆ ನಿಂತಾಗ ನಮ್ಮ ಮುತ್ಯಾ, ಅಂದರೆ ಅಜ್ಜ, ಕಥೆ ಹೇಳುತ್ತಿದ್ದ. ಕೇಳುವವರಲ್ಲಿ ಒಬ್ಬ ಮಾತು ಮಾತಿಗೆ ‘ಹ್ಞೂಂ’ ಅನ್ನಲೇಬೇಕು. ಅನ್ನದಿದ್ದರೆ ಮುತ್ಯಾ ಕಥೆ ನಿಲ್ಲಿಸಿ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದ. ನಮ್ಮ ಮನೆಯಲ್ಲಿ ಹ್ಞೂಂ ಅನ್ನುವ ಕೆಲಸ ನನ್ನದು. ಹಿರಿಯರು ಮಾತಾಡುವಾಗ ಬಾಯಿ ಮುಚ್ಚಿಕೊಂಡಿರುವುದು ನಮ್ಮಲ್ಲಿ ಸೊಕ್ಕಿನ ಲಕ್ಷಣ. ನೌಕರಿಗೆ ಬಂದಾಗ ನನ್ನ ‘ಹ್ಞೂಂ’ ‘ಹೌದ್ರಿ’ ಆಯಿತು, ಅಷ್ಟೇ ವ್ಯತ್ಯಾಸ.

ಸೆಟ್ಟಿನಲ್ಲಿ ಸಾಹೇಬರು ಮಾತಾಡುವಾಗಲೂ ನನ್ನ ಹೆಬ್ಬೆರಳು ತಾನಾಗಿಯೇ ಬಟನ್ ಒತ್ತಿ ಬಾಯಿ ‘ಹೌದ್ರಿ’ ಎನ್ನುತ್ತಿತ್ತು. ಸಾಹೇಬರು ಮಾತಿನ ನಡುವೆ ಯೋಚಿಸುತ್ತಾ ತಮ್ಮ ಬಟನ್ ಬಿಡುತ್ತಿದ್ದರು. ಆ ಸಂದಿಯಲ್ಲಿ ನನ್ನ ‘ಹೌದ್ರಿ’ ಅವರ ಕಿವಿಗೆ ಬೀಳುತ್ತಿತ್ತು, ಅವರಿಗೆ ಖುಷಿ. ಉಸ್ತಾದರ ಸೆಟ್ಟಿನಿಂದ ಮಾತ್ರ ಸದ್ದಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಒಂದು ‘ಸಮಜ್’, ತಿಳಿಯಿತು ಎಂದು.

“ನೋಡು ಮಾಳಪ್ಪಾ,” ಎಂದು ಸಾಹೇಬರು ಒಮ್ಮೆ ನನ್ನನ್ನು ಬದಿಗೆ ಕರೆದರು. “ನೀ ಮಾತಿಗೆ ಮಾತು ಕೊಡತಿ. ಆ ಮುದುಕ ಏನ್ ಮುಚ್ಚಿಡಾಕತ್ತಾನೋ ಏನೋ. ಅವನ ಮ್ಯಾಲ ಒಂದು ಕಣ್ಣು ಇರ್ಲಿ.”

“ಹೌದ್ರಿ,” ಎಂದೆ. ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ಅದೇ ವಾರ ಉಸ್ತಾದರು ನನ್ನ ಕೈ ಹಿಡಿದು ಹೆಬ್ಬೆರಳನ್ನು ಬಟನ್ನಿನಿಂದ ಎತ್ತಿದರು. “ಕೇಳುವಾಗ ಬೆರಳು ಇದರ ಮ್ಯಾಲ ಇಡಬ್ಯಾಡ. ಹೌದ್ರಿ ಹೌದ್ರಿ ಅನ್ನೋದು ಬಿಡು. ಎದುರಾ ಎದುರು ಕುಂತಾಗ ಅನ್ನು, ಇದರಾಗ ಬ್ಯಾಡ.” ನಾನೂ ತನ್ನ ಹಾಗೆ ಸುಮ್ಮನಾದರೆ ಸಾಹೇಬರು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ ಎಂದು ಈ ಮನುಷ್ಯ ಹೂಡಿದ ಆಟ ಇದು ಎಂದುಕೊಂಡೆ. ಮುಂದೆ ಅವರ ಎದುರಿಗೆ ಮಾತ್ರ ಬೆರಳು ಎತ್ತಿ ಹಿಡಿಯುತ್ತಿದ್ದೆ.

ಇನ್ನು ಬಂಡಿಗಳ ದಿನದ ಮಾತು. ನಿಜಾಮರ ಕೊನೆಯ ದಿನಗಳ ಗಲಾಟೆಯಲ್ಲಿ ಬಳಸಿದ ಬಂದೂಕುಗಳನ್ನು ಯಾರೋ ಕಣಕಿಯೊಳಗೆ ಮುಚ್ಚಿ ಶಹಾಪುರದ ಕಡೆಯಿಂದ ಸುರಪುರಕ್ಕೆ ಸಾಗಿಸುತ್ತಾರೆ ಎಂದು ಸಾಹೇಬರಿಗೆ ಸುದ್ದಿ ಬಂತು. ಕಣಕಿ ಎಂದರೆ ಜೋಳದ ದಂಟು, ದನಕ್ಕೆ ಹಾಕುವುದು. ಅದರ ಬಂಡಿಗಳು ಆ ದಿನಗಳಲ್ಲಿ ರಸ್ತೆಯ ತುಂಬ ಓಡಾಡುತ್ತಿದ್ದವು. ಉಸ್ತಾದರು ಸೆಟ್ಟು ಹಿಡಿದು ಗುಡ್ಡದ ಮೇಲೆ ಕೂತರು, ಅಲ್ಲಿಂದ ದಾರಿ ಕಾಣುತ್ತದೆ. ಸಾಹೇಬರು ಊರ ಹೊರಗಿನ ಬಂಗಲೆಯಲ್ಲಿ. ನಾನು ಕೆಳಗೆ ಸಣ್ಣ ಸೇತುವೆಯ ಹತ್ತಿರ ತಪಾಸಣೆಯ ನಾಕಾದಲ್ಲಿ, ಇಬ್ಬರು ಪೇದೆಗಳ ಜೊತೆ. ಯಾರಾದರೂ ಮಾತನ್ನು ಪೂರ್ತಿ ಕೇಳಿಸಿಕೊಳ್ಳದಿದ್ದರೆ ಅದನ್ನು ಗುಡ್ಡದಿಂದ ಇನ್ನೊಮ್ಮೆ ಹೇಳುವುದು ಉಸ್ತಾದರ ಜವಾಬ್ದಾರಿ.

ಬಿಸಿಲು ಏರಿದ ಮೇಲೆ ಉಸ್ತಾದರ ದನಿ ಬಂತು. “ಮೂರು ಬಂಡಿ ಸಾಹೇಬ್ರ. ಮೂರನೇದಕ್ಕ ಮ್ಯಾಲ ಕಂಬಳಿ ಹೊಚ್ಯಾರ.”

ಸಾಹೇಬರು ನನಗೆ ಹುಕುಂ ಕೊಟ್ಟರು. ನನ್ನ ಕಿವಿಗೆ ಬಿದ್ದದ್ದನ್ನು ಈಗಲೂ ಅಕ್ಷರಕ್ಕೆ ಅಕ್ಷರ ಹೇಳಬಲ್ಲೆ. “ಮಾಳಪ್ಪಾ, ಬಂಡಿ ಬರಾಕತ್ತಾವ. ಮೊದಲಿನ ಎರಡು ಬಿಡು.” ನಾನು “ಹೌದ್ರಿ, ಬಿಡತೇನ್ರಿ, ಆಗಲ್ರಿ” ಎಂದೆ. ಆಮೇಲೆ, “ಯಾರಿಗೂ ಸುಮ್ ಸುಮ್ನ ತ್ರಾಸ ಕೊಡಬ್ಯಾಡ.” ಅಷ್ಟೇ. ಎರಡು ಬಿಡು ಎಂದರು, ಯಾರಿಗೂ ತ್ರಾಸ ಬೇಡ ಎಂದರು. ಮೂರನೆಯದರ ಬಗ್ಗೆ ಏನೂ ಹೇಳಲಿಲ್ಲವೆಂದರೆ ಅದನ್ನೂ ಬಿಡುವುದೇ ಎಂದುಕೊಂಡೆ.

ಕೂಡಲೇ ಗುಡ್ಡದಿಂದ ಉಸ್ತಾದರು ಕೇಳಿದರು. “ಮಾಳಪ್ಪಾ, ಪೂರಾ ಸಿಕ್ತೇನು?”

“ಹೌದ್ರಿ, ಪೂರಾ ಸಿಕ್ತರಿ,” ಎಂದೆ.

ಮೊದಲ ಎರಡು ಬಂಡಿ ಹೋದವು. ಮೂರನೆಯದರ ಗಾಲಿ ಸೇತುವೆಯ ಹತ್ತಿರ ತಗ್ಗಿನಲ್ಲಿ ಸಿಕ್ಕಿಕೊಂಡಿತು. ತ್ರಾಸ ಕೊಡಬೇಡ ಎಂದಿದ್ದಾರಲ್ಲ, ನಾನೇ ಹೋಗಿ ಹೆಗಲು ಕೊಟ್ಟು ಬಂಡಿ ಎತ್ತಿದೆ. “ಪುಣ್ಯಾ ಬರಲಿ ಸಾಹೇಬ್ರ,” ಎಂದು ಬಂಡಿಯವನು ಕೈ ಮುಗಿದ. ನನ್ನನ್ನು ಸಾಹೇಬ ಎಂದ ಮೊದಲ ಮನುಷ್ಯ ಅವನು. ಬಂಡಿ ತಿರುವಿನಲ್ಲಿ ಮರೆಯಾಯಿತು. ಅದರೊಳಗೆ ಬಂದೂಕು ಇತ್ತೋ, ಬರೀ ಕಣಕಿ ಇತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗಲಿಲ್ಲ.

ಮರುದಿನ ಬಂಗಲೆಯ ಪಡಸಾಲೆಯಲ್ಲಿ ವಿಚಾರಣೆ. ಸಾಹೇಬರು ತಮ್ಮ ಮೇಲಿನವರಿಗೆ ಉತ್ತರ ಕೊಡಬೇಕಿತ್ತು, ಮುಖ ಕಪ್ಪಿಟ್ಟಿತ್ತು. ಮೂರನೆಯ ಬಂಡಿ ನಿಲ್ಲಿಸಿ ಕಣಕಿ ಇಳಿಸಿ ನೋಡು ಎಂದು ತಾವು ಸ್ಪಷ್ಟ ಹೇಳಿದ್ದಾಗಿ ಅವರು ಆಣೆ ಮಾಡಿದರು. ನಾನು ಅಂಥ ಮಾತೇ ಕೇಳಿಲ್ಲ ಎಂದು ಆಣೆ ಮಾಡಿದೆ. ಇಬ್ಬರೂ ಖರೇ ಹೇಳುತ್ತಿದ್ದೆವು. ಹಾಗಾದರೆ ನಡುವೆ ಮಾತನ್ನು ಕತ್ತರಿಸಿದವನು ಯಾರು? ಎಲ್ಲರೂ ಉಸ್ತಾದರ ಕಡೆಗೆ ತಿರುಗಿದೆವು.

“ನಡುವ ಸೀಟಿ ಬಂತು ಸಾಹೇಬ್ರ,” ಎಂದರು ಉಸ್ತಾದರು.

“ಯಾರ ಸೀಟಿ? ಗುಡ್ಡದ ಮ್ಯಾಲ ನಿನ್ನ ಕೂಡ ಯಾರಿದ್ರು?”

“ಡಬ್ಬಿಯೊಳಗಿನ ಸೀಟಿ ಸಾಹೇಬ್ರ. ನಿಮ್ಮ ಮಾತಿನ ನಡುವ ಬಂತು.” ಹಾಗೆಂದು ಅವರು ನನ್ನ ಕಡೆ ನೋಡಿದರು, ಬಹಳ ಹೊತ್ತು. “ಅದಕ್ಕಂತ ಪೂರಾ ಸಿಕ್ತೇನು ಅಂತ ಮಾಳಪ್ಪಗ ಕೇಳಿದೆ.”

ಈ ಪ್ರಶ್ನೆ ಸಾಹೇಬರಿಗೆ ಕೇಳಿಸಿರಲಿಲ್ಲ. ತಮ್ಮ ಮಾತು ಮುಗಿದ ಕೂಡಲೇ ಅವರು ಏರಿಯಲ್ ಕಡ್ಡಿಯನ್ನು ಒಳಗೆ ತಳ್ಳಿ ಸೆಟ್ಟು ಬಂದ್ ಮಾಡುತ್ತಿದ್ದರು. ಅವರು ನನ್ನತ್ತ ತಿರುಗಿದರು. “ಅಂವ ನಿನಗ ಎರಡನೇ ಸಲ ಹುಕುಂ ಹೇಳಲಿಲ್ಲ. ಹೌದೋ ಅಲ್ಲೋ?”

ಹೇಳಿರಲಿಲ್ಲ ಎಂಬುದು ನಿಜ. ಕೇಳಿದ್ದರು ಎಂಬುದೂ ನಿಜ, ಪೂರಾ ಸಿಕ್ಕಿದೆ ಎಂದು ನಾನು ಅಂದದ್ದೂ ನಿಜ. ಆ ಎರಡು ಮಾತು ನನ್ನ ಗಂಟಲಿನವರೆಗೆ ಬಂದವು. ಆದರೆ ಈ ಸೀಟಿಯ ಮಾತು ನನಗೆ ಹುಟ್ಟಿಸಿದ ಕಥೆಯಂತೆ ಕಂಡಿತ್ತು. ಮೇಲಾಗಿ ಸಾಹೇಬರು ಕೇಳುತ್ತಿದ್ದಾರೆ, ಹಿರಿಯರು ಕೇಳಿದರೆ ಅನ್ನುವುದು ಒಂದೇ.

“ಹೌದ್ರಿ,” ಎಂದೆ.

ಉಸ್ತಾದರನ್ನು ನೌಕರಿಯಿಂದ ತೆಗೆದರು. ಅವರ ಕಾಗದದಲ್ಲಿ ‘ನಂಬಲು ಯೋಗ್ಯನಲ್ಲ’ ಎಂದು ಬರೆದರು. ಹೋಗುವ ದಿನ ಅವರು ತಮ್ಮ ತಲೆಯ ವಸ್ತ್ರದಿಂದಲೇ ಸೆಟ್ಟು ಒರೆಸಿ, ಕಡ್ಡಿ ಒಳಗೆ ತಳ್ಳಿ, ಟೊಪ್ಪಿಗೆ ತಿರುಗಿಸಿ ನನ್ನ ಕೈಗೆ ಕೊಟ್ಟರು. “ಬ್ಯಾಟ್ರಿ ತಗದು ಇಡು. ಒಳಗ ಬಿಟ್ರ ಹಸಿ ಆಗತದ,” ಎಂದಷ್ಟೇ ಹೇಳಿದರು. ಒಳಗೆ ಏನೋ ಬಿಟ್ಟು ಹೋಗಿರಬಹುದೆಂದು ನಾನು ಆ ಸೆಟ್ಟನ್ನು ಪೂರ್ತಿ ಬಿಚ್ಚಿ ನೋಡಿದೆ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಕೆಲವು ವರ್ಷಗಳ ಮೇಲೆ ಕನ್ನಡ ಮಾತಾಡುವ ಜಿಲ್ಲೆಗಳೆಲ್ಲ ಒಂದು ರಾಜ್ಯವಾದವು. ನನ್ನನ್ನು ತರಬೇತಿಗೆಂದು ಬೆಂಗಳೂರಿಗೆ ಕಳಿಸಿದರು. ಅಲ್ಲಿನವರಿಗೆ ನಮ್ಮ ಮಾತು ಜಗಳದ ಹಾಗೆ ಕೇಳಿಸುತ್ತಿತ್ತು. ನನಗೆ ಅವರ ಮಾತು ಏನೋ ಕೆಲಸ ಮಾಡಿಸಿಕೊಳ್ಳಲು ಹೊರಟವರ ಹಾಗೆ. ಎರಡನೆಯ ದಿನವೋ ಮೂರನೆಯ ದಿನವೋ ಕಲಿಸುವವರು ಮೂರು ಕೈಸೆಟ್ಟು ತಂದರು. ಒಂದನ್ನು ಒಬ್ಬನಿಗೆ ಕೊಟ್ಟು ಅಂಗಳದಲ್ಲಿ ನಿಂತು ಮಾತಾಡುತ್ತಲೇ ಇರು ಎಂದರು. ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಮೂರನೆಯದನ್ನು ಮೇಜಿನ ಮೇಲೆ ಎಲ್ಲರಿಗೂ ಕೇಳುವಂತೆ ಇಟ್ಟರು. “ಈಗ ಅವನು ಮಾತಾಡುವಾಗಲೇ ನೀವೂ ಬಟನ್ ಒತ್ತಿ,” ಎಂದರು.

ಒತ್ತಿದೆ. ಅಂಗಳದವನ ದನಿ ನನ್ನ ಕಿವಿಯಿಂದ ಮಾಯವಾಯಿತು. ಮೇಜಿನ ಮೇಲಿನ ಸೆಟ್ಟು ಉದ್ದಕ್ಕೆ ಸೀಟಿ ಹೊಡೆಯಿತು. ಬಿಟ್ಟೆ, ಸೀಟಿ ನಿಂತಿತು.

“ಇಬ್ಬರು ಒಮ್ಮೆಲೇ ಒತ್ತಿದರೆ ಇಬ್ಬರಿಗೂ ಗೊತ್ತಾಗುವುದಿಲ್ಲ. ಮೂರನೆಯವನಿಗೆ ಮಾತ್ರ ಸೀಟಿ ಕೇಳುತ್ತದೆ,” ಎಂದರು ಕಲಿಸುವವರು. ಇನ್ನೊಮ್ಮೆ ತೋರಿಸಿ ಎಂದು ಕೇಳಿಕೊಂಡೆ. ನಾನೇ ಮತ್ತೆ ಒತ್ತಿದೆ, ಮತ್ತೆ ಸೀಟಿ. ಬಂಡಿಗಳ ದಿನ ನಾನಂದ ‘ಹೌದ್ರಿ, ಬಿಡತೇನ್ರಿ, ಆಗಲ್ರಿ’ ನೆನಪಾಯಿತು. ಇಷ್ಟು ವರ್ಷ ಊರವರನ್ನೆಲ್ಲ ಸಂಶಯಿಸಿದವನು ನನ್ನ ಹೆಬ್ಬೆರಳನ್ನು ಒಂದು ಸಲವೂ ಸಂಶಯಿಸಿರಲಿಲ್ಲ.

ರಜೆ ಹಾಕಿ ಯಾದಗಿರಿಗೆ ಹೋದೆ. ಉಸ್ತಾದರು ಸ್ಟೇಷನ್ ರಸ್ತೆಯಲ್ಲಿ ಸ್ಟೋವು, ಗ್ಯಾಸ್‌ಬತ್ತಿ ರಿಪೇರಿ ಮಾಡುವ ಚಿಕ್ಕ ಅಂಗಡಿ ಇಟ್ಟುಕೊಂಡಿದ್ದರು. ಗುರುತು ಹಿಡಿದರು, ಸ್ಟೂಲು ತೋರಿಸಿದರು. ಸ್ಟೋವಿನ ಪಂಪು ಬಿಚ್ಚುತ್ತಲೇ ಕೇಳಿದರು. ನಾನು ಎಲ್ಲ ಹೇಳಿದೆ. ಹ್ಞೂಂ ಎನ್ನುತ್ತಾರೇನೋ ಎಂದು ನಾಲ್ಕಾರು ಕಡೆ ನಿಲ್ಲಿಸಿದೆ, ಅವರು ಅನ್ನಲಿಲ್ಲ. ಆ ಮೌನದಲ್ಲಿ ಮಾತು ಮುಂದುವರಿಸುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಹೇಗೋ ಮುಗಿಸಿದೆ.

“ಪೂರಾ ಕೇಳಿದೆ,” ಎಂದರು ಅವರು.

“ನಿಮಗ ಅವತ್ತೇ ಗೊತ್ತಿತ್ತೇನ್ರಿ ಉಸ್ತಾದ್?”

“ಸೆಟ್ ಇದ್ದವು ಮೂರು. ಸಾಹೇಬ್ರು ಮಾತಾಡಾಕತ್ತಿದ್ರು, ನಾ ಕೇಳಾಕತ್ತಿದ್ದೆ. ಇನ್ನ ಯಾರು ಉಳದ್ರು?”

“ಮತ್ತ ಯಾಕ ಹೇಳಲಿಲ್ರಿ?”

“ಸೀಟಿ ಬಂತು ಅಂದೆನಲ್ಲೋ! ಅದರಕಿಂತ ಜಾಸ್ತಿ ಹೇಳಿದ್ರ, ಹಳೇ ಸರ್ಕಾರದವ ತನ್ನ ತಪ್ಪು ಹೊಸ ಹುಡುಗನ ಮ್ಯಾಲ ಹಾಕಾಕತ್ತಾನ ಅಂತಿದ್ರು. ನೀ ಹೇಳಬೇಕಿತ್ತು. ಉಸ್ತಾದ ಕೇಳಿದ್ದು ಖರೇ ಅದ, ಅಂತ ಒಂದು ಮಾತು. ನಾ ನಿನ್ನ ಮಾರಿ ನೋಡಿದೆ, ನೀ ಸಾಹೇಬ್ರ ಮಾರಿ ನೋಡಿದಿ.” ಪಂಪನ್ನು ಕೆಳಗಿಟ್ಟು ಕೈ ಒರೆಸಿಕೊಂಡರು. “ಆತು, ಹೋಗ್ಲಿ. ಈಗ ಬಂದಿದ್ದೀ, ಒಂದು ಕೆಲಸ ಮಾಡು. ನನಗ ನೌಕರಿ ಬ್ಯಾಡ. ನಂಬಾಕ ಲಾಯಕ್ ಅಲ್ಲ ಅಂತ ಬರದಾರಲ್ಲ, ಆ ಒಂದು ಮಾತು ತಗಸು. ನನ್ನ ಮಕ್ಕಳು ಅದನ್ನ ಓದಬಾರದು. ಇವತ್ತ ನಿಮ್ಮ ಮ್ಯಾಲಿನವರಿಗೆ ಬರೀ, ಬೆರಳು ನಂದು ಅಂತ.”

“ಹೌದ್ರಿ ಉಸ್ತಾದ್. ಬರೀತೇನ್ರಿ. ಇವತ್ತ ಬರೀತೇನ್ರಿ,” ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿ ಮತ್ತೆ ಪಂಪು ಎತ್ತಿಕೊಂಡರು.

“ನೋಡು, ಮತ್ತ ಬಟನ್ ಒತ್ತಿದಿ,” ಎಂದರು.

ನನಗೆ ಸಿಟ್ಟು ಬಂತು. ಇಷ್ಟು ದೂರ ಬಂದು ತಪ್ಪು ಒಪ್ಪಿಕೊಂಡವನಿಗೆ ಹೀಗೆ ಅನ್ನುವುದೇ ಎಂದು ರೈಲಿನ ತುಂಬ ಬೈದುಕೊಂಡು ಹೋದೆ. ಬರೆಯಲು ಕೂತೆ ಕೂಡ. ಬರೆದರೆ ವಿಚಾರಣೆ ನನ್ನ ಮೇಲೆ ತಿರುಗುತ್ತದೆ, ಹೊಸ ರಾಜ್ಯದಲ್ಲಿ ನಮ್ಮ ಕಡೆಯವರನ್ನು ಮೊದಲೇ ಅನುಮಾನದಿಂದ ನೋಡುತ್ತಾರೆ, ಮದುವೆ ಗೊತ್ತಾಗಿದೆ, ಆಮೇಲೆ ನೋಡೋಣ. ಹೀಗೆ ಮುಂದೂಡುತ್ತಾ ಇಡೀ ನೌಕರಿ ಮುಗಿಯಿತು. ಹೊಸಬರಿಗೆಲ್ಲ ಕೇಳುವಾಗ ಹೆಬ್ಬೆರಳು ಎತ್ತಿ ಹಿಡಿಯಿರಿ ಎಂದು ಗದರಿಸಿ ಕಲಿಸಿದೆ, ಅದು ಯಾರಿಂದ ಕಲಿತದ್ದು ಎಂದು ಒಬ್ಬರಿಗೂ ಹೇಳಲಿಲ್ಲ.

ಬರೆದದ್ದು ನಿವೃತ್ತನಾದ ಮೇಲೆ, ನನಗೆ ಯಾರೂ ಏನೂ ಮಾಡಲಾರರು ಎಂದಾದ ಮೇಲೆ. ಅಂಗಡಿಯಲ್ಲಿ ಉಸ್ತಾದರು ಕೇಳಿಕೊಂಡದ್ದನ್ನೂ ನಾನು ಮುಂದೂಡಿದ್ದನ್ನೂ ಅದರಲ್ಲಿ ಬರೆದೆ. ಅಷ್ಟು ಹಳೆಯ ಕಡತ ಈಗ ಸಿಗುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಉಸ್ತಾದರು ಅಷ್ಟರಲ್ಲಿ ತೀರಿಹೋಗಿದ್ದರು. ನಾನು ಕಳಿಸಿದ ಪತ್ರದ ಪ್ರತಿ, ಅದಕ್ಕೆ ಬಂದ ಉತ್ತರ ಎರಡನ್ನೂ ತೆಗೆದುಕೊಂಡು ಯಾದಗಿರಿಯ ಅದೇ ಅಂಗಡಿಗೆ ಹೋದೆ. ಈಗ ಅಲ್ಲಿ ಅವರ ಮಗ ರೇಡಿಯೋ, ಟಿವಿ ರಿಪೇರಿ ಮಾಡುತ್ತಾನೆ. ಗಡ್ಡ ಇಲ್ಲ, ಉಳಿದದ್ದೆಲ್ಲ ತಂದೆಯದೇ. ಸ್ಟೂಲು ತೋರಿಸಿ, ಎರಡೂ ಕಾಗದ ಓದಿದ. ಒಂದೂ ಮಾತಾಡದೆ ಮೊದಲಿನಿಂದ ಕೊನೆಯವರೆಗೆ ಓದಿದ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ.

“ನೀವು ಬರಿಯೂದಿಲ್ಲ ಅಂತ ನಮ್ಮ ಅಬ್ಬಾಗ ಅವತ್ತೇ ಗೊತ್ತಿತ್ತೇನ್ರಿ?”

ರೂಢಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ.

“ಗೊತ್ತಿತ್ತಪ್ಪಾ. ಗೊತ್ತಿದ್ದೂ ಅವತ್ತ ನನಗ ಸ್ಟೂಲು ಕೊಟ್ಟು ಕುಂದ್ರಿಸಿದ್ರು,” ಎಂದೆ.